ಹೊಳೆಗೆ ಬಿಟ್ಟ ಪಟ್ಟಿ

"ತೋಟದ ಕೆಳಗಿನ ಪಟ್ಟಿ ಹೊಳೆಗೇ ಬಿಟ್ಟುಬಿಡೋಣ, ಮಾವ," ಎಂದಳು ಸೊಸೆ.

ಮಾವ ಗುದ್ದಲಿಯನ್ನು ನೆಲಕ್ಕೂರಿ ಅವಳ ಮುಖ ನೋಡಿದರು. ಇಳಿಜಾರಿನ ಬುಡದಲ್ಲಿ, ಹೋದ ವರ್ಷ ಅವರೇ ನೆಟ್ಟಿದ್ದ ನಿಂಬೆ ಗಿಡಗಳು ಬೇರು ಕೊಳೆತು ಕಪ್ಪು ಕಡ್ಡಿಗಳಾಗಿದ್ದವು. ಇಪ್ಪತ್ತು ವರ್ಷದಿಂದ ಪ್ರತಿ ಮಳೆಗಾಲಕ್ಕೂ ಅವರು ಅಲ್ಲಿ ಮರಳಿನ ಮೂಟೆ ಒಡ್ಡುತ್ತಿದ್ದರು. ಹೊಳೆ ಪ್ರತಿ ಸಲವೂ ಕೊಚ್ಚಿಕೊಂಡು ಹೋಗುತ್ತಿತ್ತು.

"ಹಾಗಾದ್ರೆ ಇಷ್ಟು ವರ್ಷ ನಾನಲ್ಲಿ ಕತ್ತೆ ಕಾಯ್ತಿದ್ನಾ?"

"ಬೀಳು ಬಿಡೋಣ ಅನ್ನಲಿಲ್ಲ. ನೀರಲ್ಲಿ ನಿಂತ್ರೂ ಸಾಯದ ಕೆಸು ಹಾಕೋಣ. ನಿಂಬೆ, ಪೇರಲೆ ಎಲ್ಲ ಮೇಲೆ."

ಮಾವ ಗುದ್ದಲಿ ಅಲ್ಲೇ ಬಿಟ್ಟು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

"ಹೊಳೆ ಮೇಲಿಟ್ಟ ಗಮನ ನನ್ನ ಮೇಲಿಟ್ಟಿದ್ರೆ ನಾನಿನ್ನೂ ಎರಡಿಂಚು ಉದ್ದ ಬೆಳೀತಿದ್ದೆ," ಎಂದರು ಅತ್ತೆ, ತಟ್ಟೆ ಮುಚ್ಚಿಡುತ್ತಾ.

ಸೊಸೆ ಹೊಲಿಗೆಯವಳು. ರವಿಕೆಯ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಇಡೀ ಇಳಿಜಾರನ್ನು ಬರೆದಿದ್ದಳು. ಗಿಡದ ಸಾಲು, ನೀರು ಇಂಗುವ ಕಾಲುವೆ, ಎಲ್ಲವೂ ಇಳಿಜಾರಿಗೆ ಅಡ್ಡಡ್ಡ. ಸಂಜೆ ಅವಳು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ ಮಾವ ಬಂದು ಆ ಕಾಗದದ ಮೇಲೆ ಬಾಗಿದರು.

"ಈ ಗೆರೆ ತಪ್ಪು."

"ಯಾವುದು?"

"ಪೇರಲೆ ಸಾಲು. ನೀರು ನೆಟ್ಟಗೆ ಮೇಲಕ್ಕೆ ಬರಲ್ಲಮ್ಮ. ದಡದ ಬಂಡೆ ಹತ್ರ ಎಡಕ್ಕೆ ತಿರುಗಿ, ಹಿಂದಿನಿಂದ ನುಗ್ಗುತ್ತೆ. ನನ್ನ ಮೂಟೆಗಳು ಪ್ರತಿ ಸಲ ಹೋಗಿದ್ದೂ ಅಲ್ಲೇ."

ಅವಳ ಸೀಮೆಸುಣ್ಣ ತೆಗೆದುಕೊಂಡು ಅವರು ಗೆರೆ ಎಳೆದರು. ಒಂದು ಸಲವೂ ತಡವರಿಸಲಿಲ್ಲ ಆ ಕೈ. ಪೇರಲೆ ಸಾಲು ಎಂಟು ಮಾರು ಮೇಲೆ ಹೋಯಿತು.

"ಇದನ್ನ ಮೊದಲೇ ಹೇಳಬಾರದಿತ್ತಾ ಮಾವ?"

"ಸೋತಿದ್ದನ್ನ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?"

ಮರುದಿನ ಬೆಳಿಗ್ಗೆ ಅವರೇ ಮುಂದೆ ನಿಂತು ಗೂಟ ಹೊಡೆದರು. ವಾರದೊಳಗೆ ಕೆಳಗೆ ಕೆಸು, ಮೇಲೆ ಪೇರಲೆ, ಮನೆಯ ಪಕ್ಕಕ್ಕೆ ನಿಂಬೆ ಕೂತವು.

ಕೆಸು ಮೊಣಕಾಲೆತ್ತರ ಬಂದಿದ್ದಾಗ ಒಂದು ಬೆಳಿಗ್ಗೆ ಹೊಳೆ ಉಕ್ಕಿತು. ಅಭ್ಯಾಸಬಲದಿಂದ ಮಾವ ತಲೆಗೆ ಬಟ್ಟೆ ಸುತ್ತಿ ದಡದಡನೆ ಇಳಿದರು. ಪೇರಲೆ ಸಾಲಿನ ಹತ್ತಿರ ಬಂದವರು ನಿಂತುಬಿಟ್ಟರು. ಕೆಂಪು ನೀರು ಬಂಡೆ ಬಳಸಿ, ಎಡಕ್ಕೆ ತಿರುಗಿ, ಹಿಂದಿನಿಂದ ಬಂದು ಕೆಸುವಿನ ನಡುವೆ ಹರಡಿಕೊಂಡಿತು. ಮೇಲಕ್ಕೆ ಬರಲಿಲ್ಲ.

ಸೊಸೆ ಛತ್ರಿ ಹಿಡಿದು ಬಂದಾಗ ಅವರು ಒದ್ದೆ ಕಲ್ಲಿನ ಮೇಲೆ ಕೂತಿದ್ದರು.

"ಮೂಟೆ ಒಡ್ಡೋದ್ರಲ್ಲೇ ಇದ್ದೆ, ಈ ಹೊಳೆ ಇಷ್ಟು ಅಗಲ ಇದೆ ಅಂತ ಗೊತ್ತೇ ಇರಲಿಲ್ಲ," ಎಂದು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

ಕೆಳಗೆ, ನೀರಿನಿಂದ ತಲೆ ಎತ್ತಿದ ಕೆಸುವಿನ ಎಲೆಯೊಂದರ ಮೇಲೆ ಪುಟ್ಟ ಕಪ್ಪೆ ಕೂತಿತ್ತು. ಎಲೆ ತೂಗಿದಂತೆ ತಾನೂ ತೂಗುತ್ತಿತ್ತು.