ಇಪ್ಪತ್ತು ಮೀಟರ್ ಗುರುತು

ಫಿಸಿಕ್ಸ್ ಮೇಡಂ ಆ ದಿನ ತರಗತಿಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಬೋರ್ಡಿಗೂ ಕಿಟಕಿಗೂ ಓಡಾಡುತ್ತಿದ್ದರು. ಹಿಂದಿನ ದಿನ ಅವರ ಗಂಡನ ಕಾರು ಒಂದು ಸೈಕಲ್ಲಿಗೆ ಗುದ್ದಿ, ಸವಾರ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. "ನಲವತ್ತರಲ್ಲಿ ಬರ್ತಿದ್ದೆ, ಅವನೇ ಅಡ್ಡ ಬಂದ" ಎಂದು ಗಂಡ ಪೊಲೀಸರಿಗೂ ಹೇಳಿದ್ದರು, ಮನೆಗೆ ಬಂದವರಿಗೆಲ್ಲ ಹೇಳಿದ್ದರು. ಯಾರೂ ಕೇಳದಿದ್ದಾಗಲೂ ಹೇಳಿದ್ದರು. ಮೇಡಂ ಮನಸ್ಸಿಗೆ ಹುಳ ಹೊಕ್ಕಿದ್ದು ಅದರಿಂದಲೇ. ಬೆಳಿಗ್ಗೆ ಕಾಲೇಜಿಗೆ ಬರುವಾಗ ಆ ಜಾಗದಲ್ಲಿಳಿದು, ರಸ್ತೆಯ ಮೇಲಿನ ಟೈರಿನ ಕಪ್ಪು ಗುರುತನ್ನು ಅಳೆದುಕೊಂಡು ಬಂದಿದ್ದರು.

ಪಾಠ, ಕೆಲಸ ಮತ್ತು ಚಲನಶಕ್ತಿ. ಲೆಕ್ಕ ತಾನಾಗಿ ಬಾಯಿಂದ ಜಾರಿತು.

"ಬ್ರೇಕ್ ಹಾಕಿದ ಕಾರು ಇಪ್ಪತ್ತು ಮೀಟರ್ ಉಜ್ಜಿಕೊಂಡು ಹೋಗಿ ನಿಂತಿದೆ. ಘರ್ಷಣೆಯ ಗುಣಾಂಕ ಸೊನ್ನೆ ಪಾಯಿಂಟ್ ಏಳು. ವೇಗ ಎಷ್ಟಿತ್ತು?"

"ಕಾರಿನ ತೂಕಾನೇ ಕೊಟ್ಟಿಲ್ವಲ್ಲ ಮೇಡಂ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಬೇಡಮ್ಮ. ಕಾರಿನ ಚಲನಶಕ್ತೀನೆಲ್ಲ ಘರ್ಷಣೆ ಮಾಡೋ ಕೆಲಸ ನುಂಗಿಹಾಕುತ್ತೆ. ಎರಡೂ ಸಮ ಅಂತ ಬರಿ, ದ್ರವ್ಯರಾಶಿ ಎರಡು ಕಡೆಯಿಂದಲೂ ಹೊಡೆದುಹೋಗುತ್ತೆ."

ಹುಡುಗಿ ಗೀಚಿದಳು. "ಸೆಕೆಂಡಿಗೆ ಹದಿನೇಳು ಮೀಟರ್ ಹತ್ತಿರ. ಅಂದ್ರೆ ಗಂಟೆಗೆ ಅರವತ್ತು ಕಿಲೋಮೀಟರ್!"

"ನಲವತ್ತರಲ್ಲಿ ಬಂದಿದ್ರೆ?" ಮೇಡಂ ಕೇಳಿದರು.

"ಒಂಬತ್ತು ಮೀಟರಿಗೇ ನಿಲ್ತಿತ್ತು."

ಸಂಜೆ ಮನೆಯಲ್ಲಿ ಗಂಡ ಟಿವಿ ಚಾನೆಲ್ ಮೇಲೆ ಚಾನೆಲ್ ಬದಲಿಸುತ್ತ ಕೂತಿದ್ದರು. ಮೇಡಂ ಬ್ಯಾಗನ್ನೂ ಇಳಿಸಲಿಲ್ಲ.

"ಗುರುತು ಅಳೆದು ಬಂದೆ. ನೀವು ಅರವತ್ತರಲ್ಲಿದ್ರಿ ಕಣ್ರೀ."

"ನಿನ್ನ ಪಾಠ ಕಾಲೇಜಲ್ಲೇ ಇರಲಿ!"

"ಸೈಕಲ್ ದೀಪದ ಚೂರು ಬಿದ್ದಿರೋದು ಗುರುತು ಶುರುವಾದಲ್ಲಿಂದ ಹನ್ನೆರಡನೇ ಮೀಟರಲ್ಲಿ. ನಲವತ್ತಲ್ಲಿ ಬಂದಿದ್ರೆ ಅವನನ್ನ ಮುಟ್ಟೋದಕ್ಕೆ ಮುಂಚೇನೇ ಕಾರು ನಿಂತಿರ್ತಿತ್ತು."

ಗಂಡ ಟಿವಿ ಆರಿಸಿದರು.

"ಮೀಟಿಂಗಿಗೆ ತಡವಾಗಿತ್ತು ಕಣೇ. ಎಷ್ಟರಲ್ಲಿದ್ದೀನಿ ಅಂತ ನೋಡ್ಲೇ ಇಲ್ಲ. ಆಮೇಲೆ ನಲವತ್ತು ಅಂತ ಒಂದ್ಸಲ ಬಾಯಿಗೆ ಬಂತು, ಅದನ್ನೇ ಹಿಡ್ಕೊಂಡೆ."

"ಈಗ ಬಿಟ್ಟುಬಿಡಿ."

ಆಗಲೇ ಇಬ್ಬರೂ ಠಾಣೆಗೆ ಹೋದರು; ಮೇಡಂ ಹೊರಗೇ ಕಾದರು. ಒಳಗಿಂದ ಬಂದಾಗ ಗಂಡನ ಮುಖ ಬಿಳಿಚಿಕೊಂಡಿತ್ತು.

"ಹೇಳಿಕೆ ತಿದ್ದಿಸಿದೆ. ಕೇಸ್ ನನ್ನ ಮೇಲೇ. ಲೈಸೆನ್ಸ್ ಇಟ್ಕೊಂಡ್ರು" ಎಂದರು. ಆಮೇಲೆ, "ಆಸ್ಪತ್ರೆ ಇಲ್ಲೇ ಹತ್ತಿರ, ಅಲ್ವಾ?" ಎಂದು ಕೇಳಿದರು.

ನಡೆದೇ ಹೋದರು. ವಾರ್ಡಿನ ಬಾಗಿಲಲ್ಲಿ ಗಂಡನ ಹೆಜ್ಜೆ ಮುಂದೆ ಏಳಲಿಲ್ಲ. ಒಳಗೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವನು ತಲೆ ಎತ್ತಿ ನೋಡಿದ. ಮೇಡಂ ಗಂಡನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.