ಒಂದು ಒತ್ತುವ ಮೊದಲು

ನನಗೆ ತಾಳ್ಮೆ ಕಡಿಮೆ. ದಹಿಸರ್‌ನಿಂದ ಜೋಗೇಶ್ವರಿಗೆ ಇಪ್ಪತ್ತೆರಡು ವರ್ಷ ಮುಂಬೈಯ ಲೋಕಲ್ ರೈಲಿನಲ್ಲಿ ನಿಂತೇ ಓಡಾಡಿದವಳಿಗೆ ಅದು ಎಲ್ಲಿಂದ ಬರಬೇಕು? ಫೋನ್ ಎತ್ತಿದರೆ ವಿಷಯ ಹೇಳಿ ಇಟ್ಟುಬಿಡುವವಳು ನಾನು. ತಮಾಷೆಯೆಂದರೆ ನನ್ನ ಹೊಟ್ಟೆಪಾಡೂ ಫೋನಿನದೇ. ಆಸ್ಪತ್ರೆಗೋ ಗ್ಯಾಸಿಗೋ ಫೋನ್ ಮಾಡಿದರೆ "ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ" ಎನ್ನುವ ದನಿ ಕೇಳುತ್ತದಲ್ಲ, ಅದರ ಹಿಂದಿನ ಜಾವಾ ಕೋಡ್ ಬರೆಯುತ್ತೇನೆ. ದನಿ ಕೇಳಿಸುವುದು, ಒತ್ತಿದ ಅಂಕಿ ಹಿಡಿಯುವುದು, ಇಂಥ ಕೆಲಸಕ್ಕೆ ಸಿದ್ಧ ಕೋಡಿನ ತುಂಡುಗಳು, ಕಾಂಪೊನೆಂಟುಗಳು, ನಮ್ಮ ಕಂಪನಿಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಇಲ್ಲದ್ದು ಬೇಕಾದಾಗ ಎಲ್ಲರೂ ಶೀಲಾವತಿಯ ಮೇಜಿಗೆ, ಅಂದರೆ ನನ್ನ ಹತ್ತಿರ, ಬರುತ್ತಾರೆ.

ಬೈಕುಲ್ಲಾದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ಕನ್ನಡ ಲೈನ್ ಮಾಡಿಕೊಟ್ಟೆವು. ಬಿಲ್ಡಿಂಗ್ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು ಅಲ್ಲಿಗೆ ಬಹಳ. ಪೊರೆ ತೆಗೆಸುವ ತಾರೀಖಿಗಾಗಿ ಅವರು ಒಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಬೇಕಿತ್ತು. ಇನ್ನು ಫೋನಿನಲ್ಲೇ ಸಿಗಲಿ ಎಂಬ ಯೋಜನೆ. ದನಿ ಕೊಟ್ಟವಳು ಆಸ್ಪತ್ರೆಯ ಆಯಾ, ಇಂಡಿ ಕಡೆಯ ಮಹಾದೇವಿ. ಬರೆದುಕೊಟ್ಟದ್ದನ್ನು ಓದುವ ಮೊದಲು ಆಕೆ ತಾನಾಗಿಯೇ ಒಂದು ಸಾಲು ಸೇರಿಸಿದಳು: "ನಮಸ್ಕಾರ್ರೀ, ಆರಾಮ ಅದೀರೇನ್ರಿ?"

"ಅದು ಬೇಡ ಮಾರಾಯ್ತಿ, ಸೀದಾ ವಿಷಯಕ್ಕೆ ಬನ್ನಿ," ಎಂದೆ.

"ಮಾತಾಡಿಸದ ಹೆಂಗ್ರಿ ಅಕ್ಕಾರ ಕೆಲಸ ಹೇಳೂದು?"

ನನಗೆ ಆರೂ ಹತ್ತರ ಲೋಕಲ್ ಹಿಡಿಯಬೇಕಿತ್ತು. ಇರಲಿ ಎಂದು ಬಿಟ್ಟೆ.

ಎರಡು ವಾರಕ್ಕೆ ನಮ್ಮ ಮ್ಯಾನೇಜರ್ ಅನಿಲ ಮುಖ ಸಣ್ಣ ಮಾಡಿಕೊಂಡು ಬಂದ. "ಮೇಡಂ, ಇನ್ನೂರು ಕಾಲ್ ಬಂದ್ರೂ ಒಂಬತ್ತೇ ಬುಕಿಂಗ್. ಕೋಯೀ ನಹೀ, ಯಾರೂ ಒತ್ತೋದೇ ಇಲ್ಲ. ಶುಕ್ರವಾರಕ್ಕೆ ಕನ್ನಡ ಲೈನ್ ಬಂದ್ ಅಂತ ಆಸ್ಪತ್ರೆಯವರು ಹೇಳಿದಾರೆ."

ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಆ ಕಾಲ್‌ಗಳ ರೆಕಾರ್ಡಿಂಗುಗಳನ್ನು ಅವತ್ತೇ ಕೇಳಿದೆ. ಸೋಮವ್ವ ಎಂಬ ಮುದುಕಿಯದು ಈಗಲೂ ಕಿವಿಯಲ್ಲಿದೆ.

"ಆರಾಮ ಅದೀನವ್ವಾ. ನೀ ಆರಾಮದಿ? ಕಣ್ಣಾಗ ಪೊರಿ ಬಂದೈತಿ ಅಂತ ಹೇಳ್ಯಾರ. ಸೊಸಿ ಊರಿಗೆ ಹೋಗ್ಯಾಳ, ಅಡಗಿ ನಾನ ಮಾಡಬೇಕು, ಉಪ್ಪು ಯಾವುದು ಸಕ್ಕರಿ ಯಾವುದು ಕಾಣಂಗಿಲ್ಲ..."

ಪಕ್ಕದಲ್ಲಿ ಯಾರೋ, "ಯವ್ವಾ, ಅದು ಮಷೀನು!" ಎಂದರು.

"ಗೊತ್ತೈತಿ ಬಿಡೋ. ಕೇಳಿದ ಮ್ಯಾಲ ಹೇಳಬೇಕಿಲ್ಲೇನು?"

ಅಷ್ಟರಲ್ಲಿ ಯಂತ್ರ ಮೂರನೆಯ ಸಲ "ನೀವು ಏನನ್ನೂ ಒತ್ತಿಲ್ಲ" ಎಂದು ಲೈನ್ ಕಡಿದುಹಾಕಿತ್ತು. ಅದಕ್ಕೆ ನಾಲ್ಕು ಸೆಕೆಂಡಿನ ಗಡುವು ಕೊಟ್ಟವಳು ನಾನೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಎಲ್ಲರೂ ಉತ್ತರ ಕೊಟ್ಟಿದ್ದರು. ಒತ್ತಲು ಅವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

"ಸಿಂಪಲ್ ಮೇಡಂ, ಆ ನಮಸ್ಕಾರ ತೆಗೆದುಬಿಡಿ. ಐದು ನಿಮಿಷದ ಕೆಲಸ," ಎಂದ ಅನಿಲ.

ಎರಡು ವಾರದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. "ತೆಗೆಯುವುದಿಲ್ಲ," ಎಂದೆ. "ಶುಕ್ರವಾರ ಬೆಳಿಗ್ಗೆಯವರೆಗೆ ನನ್ನ ಹತ್ತಿರ ಬರಬೇಡ."

ಬೇಕಾದದ್ದು ಸುಮ್ಮನೆ ಕೇಳಿಸಿಕೊಳ್ಳುವ ಒಂದು ಕಾಂಪೊನೆಂಟ್. ಆಚೆ ಮಾತು ನಡೆಯುತ್ತಿರುವಷ್ಟು ಹೊತ್ತು ಗಡಿಯಾರ ನಿಂತಿರಬೇಕು. ಮಾತು ಮುಗಿದ ಮೇಲೆ ಮುಂದಿನ ಸಾಲು. ಬುಧವಾರ ಸಂಜೆಗೆ ಬರೆದು ಮುಗಿಸಿ, ಕಟ್ಟಡ ಏಳುತ್ತಿದ್ದ ಒಂದು ಸೈಟಿನಿಂದ ಫೋನ್ ಮಾಡಿಸಿ ನೋಡಿದರೆ ಯಂತ್ರ ಬಾಯಿಯೇ ಬಿಡಲಿಲ್ಲ. ಹಿಂದೆ ಡ್ರಿಲ್ಲಿಂಗ್ ನಡೆದಿತ್ತು. ಡ್ರಿಲ್ ಮಾತಾಡುತ್ತಿದೆ ಎಂದುಕೊಂಡು ಇದು ವಿನಯದಿಂದ ಕಾಯುತ್ತಿತ್ತು! ಒಬ್ಬಳೇ ಕೂತು ನಕ್ಕೆ. ಆಮೇಲೆ ಹೊಳೆಯಿತು: ಮನುಷ್ಯರಾದರೆ ನಡುನಡುವೆ ಉಸಿರಿಗೆ ನಿಲ್ಲುತ್ತಾರೆ, ಡ್ರಿಲ್ ನಿಲ್ಲುವುದಿಲ್ಲ. ಆ ನಿಲುಗಡೆಗಳನ್ನು ಗುರುತಿಸಲು ಕಲಿಸುವುದರಲ್ಲಿ ಗುರುವಾರವೂ ಕಳೆಯಿತು. ಮಹಾದೇವಿ ಹೊಸ ಸಾಲೊಂದಕ್ಕೆ ದನಿ ಕೊಟ್ಟಳು.

ಶುಕ್ರವಾರ ಬೆಳಿಗ್ಗೆ, ಹಿಂದೆ ಲೈನ್ ಕಡಿದುಹೋಗಿದ್ದವರಿಗೆಲ್ಲ ಮತ್ತೆ ಫೋನ್ ಮಾಡಿ ಎಂದು ಮೆಸೇಜ್ ಕಳಿಸಿದೆವು. ಹನ್ನೊಂದಕ್ಕೆ ಸೋಮವ್ವನ ನಂಬರ್ ಪರದೆಯ ಮೇಲೆ ಬಂತು. ಸೊಸೆ ಊರಿಂದ ಬಂದದ್ದು, ಬರುವಾಗ ಕಡಕ್ ರೊಟ್ಟಿ ತಂದದ್ದು, ಒಂದನ್ನೂ ಬಿಡದೆ ಯಂತ್ರಕ್ಕೆ ಹೇಳತೊಡಗಿದಳು. ನಲವತ್ತು ಸೆಕೆಂಡ್, ಐವತ್ತು. ಅನಿಲ ಉಗುರು ಕಚ್ಚತೊಡಗಿದ.

ಆಕೆ ನಿಲ್ಲಿಸಿದಳು. ಮಹಾದೇವಿಯ ದನಿ ಬಂತು: "ಛಲೋ ಆತ್ರಿ. ಈಗ ಆಪರೇಶನ್ ತಾರೀಖಿಗೆ ಒಂದು ಒತ್ತರಿ."

"ಒತ್ತತೀನಿ ತಗೋ ನಮ್ಮವ್ವಾ."

ಪರದೆಯ ಮೇಲೆ ಒಂದು ಎಂಬ ಅಂಕಿ ಮೂಡಿತು. ಮುಂದಿನ ಮಂಗಳವಾರ, ಹತ್ತು ಗಂಟೆ. ಸಂಜೆಯೊಳಗೆ ಮೂವತ್ತೊಂದು ಕಾಲ್, ಇಪ್ಪತ್ತಾರು ತಾರೀಖು. ಕನ್ನಡ ಲೈನ್ ಉಳಿಯಿತು. ಅನಿಲ ಎಲ್ಲರಿಗೂ ವಡಾಪಾವ್ ತರಿಸಿದ.

ಜೋಗೇಶ್ವರಿ ಸ್ಟೇಷನ್ನಿನಲ್ಲಿ ನಿಂತು ಮಹಾದೇವಿಗೆ ಫೋನ್ ಮಾಡಿದೆ.

"ಆರಾಮ ಅದೀರೇನ್ರಿ ಅಕ್ಕಾರ?"

"ಲೈನ್ ಉಳಿ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಈಕೆ ಪ್ರತಿ ಸಲವೂ ಕೇಳಿದ್ದಳು. ನಾನು ಒಮ್ಮೆಯೂ ಹೇಳಿರಲಿಲ್ಲ.

"ಆರಾಮ ಮಹಾದೇವಿ. ಮಂಡಿ ಒಂಚೂರು ನೋಯ್ತದೆ, ಅಷ್ಟೇ. ನೀವು ಹೇಗಿದ್ದೀರಿ?"

ಆಕೆ ಶುರು ಮಾಡಿದಳು. ನನ್ನೆದುರು ಎರಡು ಲೋಕಲ್ ಬಂದು ಹೋದವು. ನಾನು ಬೆಂಚಿನ ಮೇಲೆ ಕೂತು ಕೇಳಿದೆ.