ಅಕ್ಕನ ಹಾಜರಿ

ಗುಡೇಕೋಟೆ ಕಡೆಯ ಗುಡ್ಡದ ಬುಡದಲ್ಲಿದ್ದ ಆ ಹಟ್ಟಿಯ ಶಾಲೆಗೆ ಇಬ್ಬರು ಮೇಷ್ಟ್ರು ಉಳಿಯಬೇಕೆಂದರೆ ಮಕ್ಕಳ ಸಂಖ್ಯೆ ಇಳಿಯಬಾರದಿತ್ತು. ಕುರಿ ಹೊಡೆದುಕೊಂಡು ಹೋದವರು ಮಕ್ಕಳನ್ನೂ ಜೊತೆಗೇ ಕರೆದೊಯ್ಯುತ್ತಿದ್ದರು. ತೊಂಬತ್ತೈದರ ಜೂನಿನಲ್ಲಿ ಗುರುಸಂಗಪ್ಪ ಮೇಷ್ಟ್ರು ಮನೆಮನೆಗೂ ಹೋಗಿ ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕೇಳುತ್ತ ಓಬಮ್ಮನ ಮನೆಗೆ ಬಂದರು.

ಓಬಮ್ಮ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಒಂದನೇ ತರಗತಿ ಮುಗಿಸಿದ್ದ ಅವಳ ದೊಡ್ಡ ಮಗಳು ರೋಜಾ ಆ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ತೀರಿಕೊಂಡಿದ್ದಳು. ಗಂಡ ಚೌಡಣ್ಣ ಮಣ್ಣು ಮಾಡಿ ಮತ್ತೆ ಕುರಿಗಳ ಹಿಂದೆ ಹೋಗಿದ್ದ.

"ಹೆಸ್ರು ತಗೀಬೇಕಾಗ್ತೈತಮ್ಮ," ಮೇಷ್ಟ್ರು ಅಂದರು. "ನಿನಗೊಂದು ಮಾತು ಹೇಳಾನ ಅಂತ ಬಂದೆ."

"ತಗೀಬ್ಯಾಡ್ರಿ." ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕವಳನ್ನು ತೋರಿಸಿದಳು. "ಬೊಮ್ಮಿನ್ನ ಕರ್ಕೊಂಡು ಹೋಗ್ರಿ. ಅದ ಹೆಸ್ರಿಗೆ ಕುಂದ್ರಲಿ."

ಬೊಮ್ಮಿಯ ಹೆಸರು ಬರೆದುಕೊಳ್ಳಲು ವಯಸ್ಸು ಸಾಲದು. ರೋಜಾಳ ಹೆಸರು ಹೊಡೆದರೆ ಸಂಖ್ಯೆ ಸಾಲದು. ಮೇಷ್ಟ್ರು "ನಾಳಿ ಮಕ ತೊಳ್ದು ಕಳಸು," ಅಂದು ಹೊರಟರು.

ಮೊದಮೊದಲು ಮೇಷ್ಟ್ರು "ರೋಜಾ" ಎಂದು ಕೂಗಿದಾಗ ಬೊಮ್ಮಿ ಬಾಗಿಲ ಕಡೆ ನೋಡುತ್ತಿದ್ದಳು. "ಅಕಿ ಬೊಮ್ಮಿ ಸಾ," ಅಂತ ಹುಡುಗರು ತಿದ್ದುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ತಿದ್ದುವುದು ನಿಂತಿತು. ಅವಳೇ "ಹಾಜರ್ ಸಾ" ಅನ್ನತೊಡಗಿದಳು. ಓಬಮ್ಮನಿಗೆ ಇದನ್ನು ಯಾರೋ ಹೇಳಿದರು. ಅವಳು ಹೂಂ ಅಂದು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಅಳು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ.

ಹುಡುಗಿ ಏಳನೇ ತರಗತಿಗೆ ಬಂದಾಗ ಪರೀಕ್ಷೆಗೆ ಮುಂಚೆ ಗುರುಸಂಗಪ್ಪ ಮೇಷ್ಟ್ರು ಓಬಮ್ಮನನ್ನು ಕರೆಸಿದರು. ಅವರ ಕೂದಲು ನರೆತಿತ್ತು.

"ಇದೊಂದು ನನ್ನ ತಲ್ಯಾಗ ಕೊರೀತೈತಿ. ಈಗ ಸರಿ ಮಾಡ್ಸಿದ್ರ ಆತು, ಮುಂದ ಆಗಲ್ಲ. ಕೂಡ್ಲಿಗಿ ಕೋರ್ಟಿಗೆ ಹೋಗಿ ಬರಬೇಕು."

"ಅಲ್ಲಿ ಏನಂತ ಬರಸ್ಬೇಕ್ರಿ?"

"ದೊಡ್ಡಾಕಿ ತೀರಿಕೊಂಡಾಳ, ಇಕಿ ಸಣ್ಣಾಕಿ ಅಂತ."

ಓಬಮ್ಮ ಸೆರಗಿಗೆ ಅಂಟಿದ್ದ ಹುಲ್ಲುಮುಳ್ಳು ಕಿತ್ತು ಕಿತ್ತು ಹಾಕಿದಳು. "ಇಷ್ಟು ವರ್ಷ ಸಾಲಿಗೆ ಬಂದಾಕಿನ್ನ ಈಗ ಸತ್ತಾಳಂತ ಹೆಂಗ ಬರಸ್ಲಿ? ಬ್ಯಾಡ ಬಿಡ್ರಿ."

ಹುಡುಗಿ ಪಾಸಾದಳು. ಫಲಿತಾಂಶ ಬಂದ ಸಂಜೆ ಒಲೆ ಮುಂದೆ ಕೂತು, "ಯವ್ವಾ, ಅಕ್ಕ ಹೆಂಗಿದ್ಲು?" ಅಂತ ಕೇಳಿದಳು. ಅದುವರೆಗೆ ಕೇಳಿರಲಿಲ್ಲ.

ಓಬಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ನೆನಪು ಮಾಡಿಕೊಳ್ಳಲು ನೋಡಿದಳು. ಕಣ್ಣಿಗೆ ಬಂದಿದ್ದು ಎದುರಿಗೆ ಕೂತವಳ ಮುಖವೇ. ಬೇರೆ ಯಾವುದೂ ಬರಲಿಲ್ಲ.

"ನಿನ್ನಂಗ ಇದ್ಲು," ಅಂದು ರೊಟ್ಟಿ ಹಂಚಿಗೆ ಹಾಕಿದಳು.

ಹೈಸ್ಕೂಲು ಸೇರಿದ ಮೇಲೆ ಬೊಮ್ಮಿ ಅಂತ ಕರೆಯುವವನು ಚೌಡಣ್ಣ ಒಬ್ಬನೇ ಉಳಿದ, ಅದೂ ಕುರಿ ಬಿಟ್ಟು ಊರಿಗೆ ಬಂದಾಗ. ಆಮೇಲೆ ಅವನೂ ರೋಜಾ ಅನ್ನತೊಡಗಿದ. ಅದು ಯಾವ ವರ್ಷದಿಂದ ಅಂತ ಓಬಮ್ಮನಿಗೆ ನೆನಪಿಲ್ಲ.